ಗುಲಾಬಿ ಮಾಸ್ತರರ ಇಲಿ

ಮಗಳು ಹಡೆದು ನಾನು ಆಯಿ ಆಗಿ ಇವತ್ತಿಗೆ ಹದಿನೆಂಟು ದಿನ. ಬರೆಯಲು ಕುಳಿತದ್ದು ಬೇರೆಯ ಸುದ್ದಿ, ಆದರೆ ಇದನ್ನು ಮೊದಲು ಹೇಳದೆ ಕೈ ಮುಂದೆ ಹೋಗಲೊಲ್ಲದು. ಗಂಡು ಕೂಸು. ತಲೆ ತುಂಬ ಕೂದಲು. ಅತ್ತರೆ ಓಣಿಯ ಆ ತುದಿಗೆ ಕೇಳುತ್ತದೆ. ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಿಡಿದು ತೊಟ್ಟಿಲಿಗೆ ಹಾಕಿದ ಮೇಲೆ, ಘಳಿಗೆಗೊಮ್ಮೆ ಎದ್ದು ಹೋಗಿ ಉಸಿರಾಡುತ್ತದೆಯೋ ಇಲ್ಲವೋ ನೋಡಿ ಬರುತ್ತೇನೆ. ಮಗಳು ನಗುತ್ತಾಳೆ. “ಎವ್ವಾ, ಅದು ಎಲ್ಲಿಗೂ ಓಡಿ ಹೋಗಂಗಿಲ್ಲ, ಒಂದ್ ಕಡೆ ಕುಂದರು” ಎನ್ನುತ್ತಾಳೆ. ಕೂಡುವುದು ಹೇಗೆ? ಸಂತೋಷ ಕೂಡಗೊಡುವುದಿಲ್ಲ. ನಾನು ಓದಿದ್ದು ಎರಡನೇ ಇಯತ್ತೆಯವರೆಗೆ. ಸಾಲು ಡೊಂಕಾಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಳ್ಳಬೇಕು.

ಕೂಸು ಹುಟ್ಟಿದ ದಿನ ನರ್ಸಬಾಯಿ ಬಾಣಂತಿಯ ಕೋಣೆಗೆ ಫಿನಾಯಿಲು ಹಾಕಿ ಒರೆಸಿದಳು. ಆ ವಾಸನೆ ಮೂಗಿಗೆ ಬಡಿಯಿತು, ನಾನು ಕೈಯಲ್ಲಿದ್ದ ಬಿಸಿನೀರಿನ ಚರಿಗೆ ಕೆಳಗಿಟ್ಟು ಸೆರಗು ಮೈತುಂಬ ಹೊದ್ದುಕೊಂಡೆ. “ಯಾಕವಾ, ಚಳಿ ಬಂತೇನು?” ಎಂದು ಆಕೆ ಕೇಳಿದಳು. ಚಳಿಯಲ್ಲ. ಇಪ್ಪತ್ತು ವರ್ಷದ ಹಿಂದಿನ ಒಂದು ಪುಷ್ಯ ಮಾಸ ಆ ವಾಸನೆಯೊಳಗೆ ಹಾಗೇ ಕುಳಿತಿತ್ತು. ಅವತ್ತೇ ಮಧ್ಯಾಹ್ನ ಗುಲಾಬಿ ಮಾಸ್ತರರು ತೀರಿಕೊಂಡರೆಂಬ ಸುದ್ದಿ ಬಂತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಹಿಡಿದು ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ.

ಸ್ವಾಮಿರಾಯರೆಂದು ಅವರ ಹೆಸರು. ಧಾರವಾಡದ ನಮ್ಮ ಓಣಿಯವರೇ. ಸಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು, ಮನೆಗೆ ಬಂದರೆ ಹೊಸ ಗುಲಾಬಿ ಹುಟ್ಟಿಸುತ್ತಿದ್ದರು. ಪತ್ರಿಕೆಯವರು ಈಗ ಎಲ್ಲ ಬರೆದಿದ್ದಾರೆ. ಮುಂಬಯಿಯ ಪ್ರದರ್ಶನದಲ್ಲಿ ಬಹುಮಾನ ಬಂದದ್ದು, ಅವರ ಕೇಸರಿ ಅಂಚಿನ ಹೂವನ್ನು ನೋಡಲು ಪುಣೆಯಿಂದ ಜನ ಬಂದದ್ದು. ಮಗಳು ಓದಿ ಹೇಳಿದಳು. ಒಂದಕ್ಷರ ಸುಳ್ಳಿಲ್ಲ. ಆದರೆ ನಮ್ಮ ಓಣಿಯಲ್ಲಿ ಆ ಮನುಷ್ಯನಿಗೆ ಇನ್ನೊಂದು ಹೆಸರಿತ್ತು, ಸುಳ್ಳು ಹೇಳಿದವರೆಂದು. ಆ ಹೆಸರು ಅಳಿಸಬಲ್ಲವಳು ನಾನೊಬ್ಬಳೇ ಇದ್ದೆ, ಅಳಿಸಿರಲಿಲ್ಲ.

ನಾವು ಆಗ ಅವರ ಹಿತ್ತಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಅರಳೆ ಅಂಗಡಿಯಲ್ಲಿ ತೂಕ ಮಾಡುತ್ತಿದ್ದರು. ನಾನು ಪಡಸಾಲೆಯಲ್ಲಿ ಕುಳಿತು ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದೆ. ಒಂದು ದಿನ ಮಾಸ್ತರರು ಬಂದು ನನ್ನ ಬೆರಳನ್ನೇ ನೋಡುತ್ತ ನಿಂತರು. “ಗಂಗವ್ವಾ, ಅರಳಿ ಎಳೀನ ಹರೀಧಂಗ ಹಿಡೀತೀಯಲ್ಲ, ನಿನ್ನ ಬೆರಳು ನನಗ ಬೇಕಾಗ್ಯಾವ” ಎಂದರು. ಹಾಗೆ ನಾನು ತೋಟಕ್ಕೆ ಇಳಿದೆ. ಅರಳುವ ಮುಂಚಿನ ಮೊಗ್ಗಿನ ಎಸಳು ಬಿಡಿಸಬೇಕು. ಒಳಗಿನ ಹಳದಿ ಎಳೆಗಳನ್ನು ಚಿಮಟಿಗೆಯಿಂದ ಒಂದೊಂದೇ ಕಿತ್ತು ತೆಗೆಯಬೇಕು, ಪರಾಗ ಹಿಡಿಯುವ ನಡುವಿನ ಬಾಯಿಗೆ ಗಾಯವಾಗಬಾರದು. ಮರುದಿನ ಬೇರೆ ಗಿಡದ ಪರಾಗವನ್ನು ಕುಂಚದಿಂದ ಹಚ್ಚಿ, ಮಲಮಲ ಬಟ್ಟೆಯ ಪುಟ್ಟ ಚೀಲ ಕಟ್ಟಬೇಕು. ಆಮೇಲೆ ಕಾಯಿ ಬಲಿಯಲು ನಾಲ್ಕು ತಿಂಗಳು. ಬಾರಿಹಣ್ಣಿನಷ್ಟು ಕಾಯಿ. ಅದರೊಳಗಿನ ಬೀಜದಲ್ಲಿ ಯಾವ ಹೂವಿದೆಯೋ ದೇವರಿಗೂ ಗೊತ್ತಿಲ್ಲ ಎಂದು ಮಾಸ್ತರರು ಹುಡುಗರ ಹಾಗೆ ಕಣ್ಣರಳಿಸುತ್ತಿದ್ದರು.

ಆ ಕಾಯಿ ಎಂದರೆ ಇಲಿಗಳಿಗೆ ಜೀವ. ಹಿಂದಿನ ವರ್ಷ ಒಂದು ಕಾಯಿ ಬಿಡದೆ ಕಡಿದು ಹೋಗಿದ್ದವು. ಮಾಸ್ತರರ ಹೆಂಡತಿ ತುಂಗಕ್ಕ ಬಲು ಮಡಿಯ ಹೆಣ್ಣುಮಗಳು. “ಗಣಪ್ಪನ ವಾಹನ ಅದು. ಅದನ್ನ ಕೊಂದ ಮನ್ಯಾಗ ನಾ ಒಲಿ ಹಚ್ಚಂಗಿಲ್ಲ” ಎಂದು ಹೇಳಿಬಿಟ್ಟಿದ್ದರು. ಹಾಗಾಗಿ ಮಾಸ್ತರರು ಬೋನು ಇಟ್ಟು, ಸಿಕ್ಕಿದ ಇಲಿಯನ್ನು ಕೊಡೆಯ ಕೆಳಗೆ ಹಿಡಿದುಕೊಂಡು ಹೋಗಿ ಹೊಲದಲ್ಲಿ ಬಿಟ್ಟು ಬರುತ್ತಿದ್ದರು. “ಏನ ಮಾಡ್ಲಿ ಗಂಗವ್ವಾ, ನನಕಿಂತ ಮೊದಲ ಅವ ಮನಿಗೆ ಬಂದಿರ್ತಾವ” ಎಂದು ನಗುತ್ತಿದ್ದರು.

ಆ ವರ್ಷ ನನಗೆ ಮೊದಲ ಬಸುರು, ಏಳು ತಿಂಗಳು ತುಂಬಿತ್ತು. ತವರಿಗೆ ಹೋಗಬೇಕು, ಪ್ಲೇಗು ಬಂತು. ಹಳೇ ಹುಬ್ಬಳ್ಳಿಯಲ್ಲಿ ಇಲಿ ಬಿದ್ದವಂತೆ ಎಂದು ಒಬ್ಬರು, ರೈಲಿನಲ್ಲಿ ಬಂತಂತೆ ಎಂದು ಒಬ್ಬರು. ಶಿರಗುಪ್ಪಿಯಿಂದ ಅಪ್ಪ ಹೇಳಿ ಕಳಿಸಿದ: ಪ್ಯಾಟಿ ಮಂದೀನ ಊರೊಳಗ ಬಿಡವೊಲ್ಲರು, ಮಗಳಾ, ಅಲ್ಲೇ ಇರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಮನೆಯಲ್ಲಿ ಒಂದು ಇಲಿ ತಾನಾಗಿ ಸತ್ತು ಬಿದ್ದರೆ ಇಡೀ ಓಣಿಯೇ ಅವತ್ತೇ ಮನೆ ಬಿಟ್ಟು ಹೊಲಕ್ಕೆ ಹೋಗಿ ಗುಡಿಸಲು ಹಾಕಬೇಕು. ಇಲಿ ಮೊದಲು, ಮನುಷ್ಯ ಆಮೇಲೆ. ಜ್ವರ ಬರುವುದು, ಕಂಕುಳಲ್ಲಿ ಗಂಟು ಏಳುವುದು, ಮೂರು ದಿನಕ್ಕೆ ಮುಗಿಯುವುದು.

ಸಂಕ್ರಮಣ ಮುಗಿದು ನಾಲ್ಕೈದು ದಿನವಾಗಿತ್ತು. ಮುಂಜಾನೆ ತೋಟದಲ್ಲಿ ಗಿಡದ ಬುಡದ ಒಣಗಿದ ಎಲೆ ಬಳಿದು ತೆಗೆಯಲೆಂದು ಕೈ ಹಾಕಿದೆ. ಮೆತ್ತಗೆ, ತಣ್ಣಗೆ ಏನೋ ಹಿಡಿತಕ್ಕೆ ಬಂತು. ಬಟ್ಟೆಯ ಚೀಲ ಕಳಚಿ ಬಿದ್ದಿದೆ ಎಂದುಕೊಂಡು ಮುಷ್ಟಿ ತುಂಬ ಹಿಡಿದು ಮೇಲೆತ್ತಿದೆ. ಬಾಲ ಜೋತಾಡಿತು. ಕೈ ಬಿಡಬೇಕೆಂಬುದೂ ಹೊಳೆಯಲಿಲ್ಲ ನನಗೆ. ಎಷ್ಟು ಹೊತ್ತು ಹಿಡಿದುಕೊಂಡು ನಿಂತಿದ್ದೆನೋ. ಆಮೇಲೆ ಅದನ್ನು ಬಿಸಾಕಿ, “ಇಲಿ ಬಿದ್ದೈತಿ! ಇಲಿ ಬಿದ್ದೈತಿ!” ಎಂದು ಚೀರಿದೆ.

ಪಕ್ಕದ ಮನೆಯ ಕಲ್ಲಪ್ಪ ಗೋಡೆಯ ಮೇಲಿಂದ ಮುಖ ಹಾಕಿದ. ಕಿರಾಣಿ ಅಂಗಡಿಯವನು, ಓಣಿಗೆ ಹಿರಿಯ. “ಎಲ್ಲೇ? ಮುಟ್ಟೀ ಏನು ಮತ್ತ?”

“ಇಲ್ರಿ ಕಾಕಾ. ದೂರಿಂದ ನೋಡೇನಿ.”

ಬಾಯಿಗೆ ಬಂದದ್ದು ಅದು. ಯೋಚಿಸಿ ಹೇಳಿದ್ದಲ್ಲ. ಒಳಗೆ ಹೋಗಿ ಬೂದಿ ಹಚ್ಚಿ ಹಚ್ಚಿ ಕೈ ತೊಳೆದೆ, ಚರ್ಮ ಕೆಂಪಾಯಿತು.

ಮಧ್ಯಾಹ್ನದೊಳಗೆ ಓಣಿ ಖಾಲಿ. ಮುನಸಿಪಾಲ್ಟಿಯ ಮಂದಿ ಬಂದು ಮನೆ ಮನೆಗೆ ಫಿನಾಯಿಲು ಸುರಿದರು, ಬಿಸಿಲು ಒಳಗೆ ಬೀಳಲೆಂದು ಮಾಡಿನ ಹಂಚು ತೆಗೆದರು. ಬೀಸುವ ಕಲ್ಲು, ಹಾಸಿಗೆ, ಎಮ್ಮೆ, ಅಳುವ ಮಕ್ಕಳು, ಎಲ್ಲ ಚಕ್ಕಡಿ ಏರಿದವು. ಮಾಸ್ತರರು ಮಾತ್ರ ತೋಟದ ಬಾಗಿಲಲ್ಲಿ ನಿಂತಿದ್ದರು. ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಮುಚ್ಚಿದರು. “ನಿಂತ್ರ್ಯಾಕ? ಗಿಡ ನಿಮ್ಮನ್ನ ಉಳಸ್ತಾವೇನು? ನಡೀರಿ!” ಎಂದು ತುಂಗಕ್ಕ ಕೈ ಹಿಡಿದು ಎಳೆದುಕೊಂಡು ಹೋದರು.

ಹೆಬ್ಬಳ್ಳಿ ಹಾದಿಯಲ್ಲಿ, ಕಡಲೆ ಕಿತ್ತ ಹೊಲದಲ್ಲಿ ನಮ್ಮ ಗುಡಿಸಲು ಎದ್ದವು. ತಟ್ಟಿಯ ಗೋಡೆ, ಮೇಲೆ ಜೋಳದ ಕಣಕಿ. ಬೆಳಗಿನ ಗಾಳಿ ತಟ್ಟಿಯ ಸಂದಿಯಿಂದ ಸೂಜಿಯ ಹಾಗೆ ಬರುತ್ತಿತ್ತು. ಮೊದಲ ದಿನವೇ ಕಲ್ಲಪ್ಪ ಎಲ್ಲರನ್ನೂ ಕೂಡಿಸಿ ಹೇಳಿದ: “ಯಾರರೆ ಇಲಿ ಮುಟ್ಟಿದ್ರ ಈಗ ಹೇಳ್ರಿ. ಅವರ ಗುಡಿಸಲ ಹಳ್ಳದಾಚೆ. ಅನ್ನ ನೀರು ಇಟ್ಟು ಬರ್ತೇವಿ, ಮುಟ್ಟಂಗಿಲ್ಲ.” ಸೂಲಗಿತ್ತಿ ಅಲ್ಲೇ ಇದ್ದಳು. “ಹಳ್ಳದಾಚಿ ಹೆರಿಗೀಗೆ ನನ್ನ ಕರೀಬ್ಯಾಡ್ರಿ, ನನಗೂ ಮಕ್ಕಳದಾವ” ಎಂದಳು. ಎಲ್ಲರೂ ನಕ್ಕರು. ನನ್ನ ಹೊಟ್ಟೆಯೊಳಗೆ ಕೂಸು ಒದೆಯಿತು. ನಾನು ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.

ಆ ದಿನಗಳ ಅಂಜಿಕೆಯನ್ನು ಹೇಗೆ ಬರೆಯಲಿ? ಬಲಗೈಯನ್ನು ನನ್ನದಲ್ಲ ಎಂಬಂತೆ ಇಟ್ಟುಕೊಂಡಿದ್ದೆ. ಎಡಗೈಯಲ್ಲಿ ರೊಟ್ಟಿ ಬಡಿಯಲು ಹೋದರೆ ಅತ್ತೆ, “ಇದೇನಿದು ಹೊಸ ರೂಢಿ?” ಎಂದು ಬೈದರು. ಬಡಿದೆ. ಗಂಡ ತಿನ್ನುವಾಗ ಅವರ ಬಾಯನ್ನೇ ನೋಡಿದೆ. ಏಳುತ್ತಲೇ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇನ್ನೊಬ್ಬರ ಮಕ್ಕಳು ಹತ್ತಿರ ಬಂದರೆ ಗದರಿಸಿ ಓಡಿಸುತ್ತಿದ್ದೆ, ಬಸುರಿಗೆ ಸಿಟ್ಟು ಜಾಸ್ತಿ ಎಂದು ಜನ ಅಂದರು. ನಾನು ಸತ್ತರೆ ಸಾಯಲಿ, ಒಳಗಿನದಕ್ಕೆ ಹೋಗುತ್ತದೆಯೇ, ಅದು ಹೊರಗೆ ಬರುವವರೆಗಾದರೂ ನನ್ನ ಜೀವ ನಿಲ್ಲುತ್ತದೆಯೇ, ಇದನ್ನು ಕೇಳಬೇಕೆಂದರೆ ಯಾರನ್ನು ಕೇಳಲಿ?

ಆರನೆಯ ದಿನ ಮುಟ್ಟಿ ನೋಡಿಕೊಂಡಾಗ ಗಂಟು ಸಿಕ್ಕಿತು. ಬಲಗಡೆಯ ಕಂಕುಳಲ್ಲಿ, ಅಡಿಕೆಯಷ್ಟು. ಒತ್ತಿದರೆ ನೋವು.

ಕೊಡ ತೆಗೆದುಕೊಂಡು ಬಾವಿಗೆ ಹೋದೆ. ನೀರು ತರಲಿಕ್ಕೋ, ಹಾರಿಕೊಳ್ಳಲಿಕ್ಕೋ, ಇವತ್ತಿಗೂ ನನಗೆ ತಿಳಿಯದು. ಬಾವಿಯ ಹತ್ತಿರ ಮಾಸ್ತರರು ಒಬ್ಬರೇ ಹಗ್ಗ ಎಳೆದು ನೀರು ಸೇದುತ್ತಿದ್ದರು. “ಏನ್ ಗಂಗವ್ವಾ, ಮುಖ ಯಾಕ ಹಿಂಗ ಬಿಳಚಿಕೊಂಡದ?” ಎಂದು ಕೇಳಿದರು, ಅಷ್ಟೇ. ನನ್ನ ಬಾಯಿ ತಾನಾಗಿ ಬಿಚ್ಚಿತು.

“ಮಾಸ್ತರ, ನಾ ಆ ಇಲಿ ಮುಟ್ಟೇನ್ರಿ. ಈ ಕೈಲೆ ಎತ್ತೇನಿ. ಗಂಟು ಬಂದೈತ್ರಿ. ಯಾರ ಮುಂದೂ ಹೇಳಬ್ಯಾಡ್ರಿ, ನನ್ನ ಹಳ್ಳದಾಚೆ ಹಾಕ್ತಾರ, ಕೂಸು ಹ್ಯಾಂಗ ಹಡೀಲಿ ನಾನು?”

ಅವರು ಹಗ್ಗ ಬಿಟ್ಟರು. ಕೊಡ ಬಾವಿಯೊಳಗೆ ಧಡ್ಡೆಂದು ಬಿತ್ತು. ಬಾವಿಯ ಕಟ್ಟೆಯ ಮೇಲೆ ಕುಸಿದು ಕುಳಿತರು.

“ಅಯ್ಯೋ ನನ್ನವ್ವಾ. ಅದಕ್ಕ ನಾ ವಿಷಾ ಹಾಕಿದ್ದೆ. ಬೆಲ್ಲ ಹಿಟ್ಟು ಕಲಸಿ ಐದು ಉಂಡಿ ಮಾಡಿ ಗಿಡದ ಬುಡಕ್ಕ ಇಟ್ಟಿದ್ದೆ. ಈ ವರ್ಷರೆ ಕಾಯಿ ಉಳೀಲಿ ಅಂತ. ತುಂಗಾಗೆ ಗೊತ್ತಾಗಬಾರದು ಅಂತ ಯಾರಿಗೂ ಹೇಳಲಿಲ್ಲ.”

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮೈಯೆಲ್ಲ ಉರಿಯಿತು. “ಆರು ದಿನ ಸುಮ್ಮ ಕುಂತ್ರೆಲ್ರೀ! ಆರು ದಿನ ನಾ ದಿನಾ ಸತ್ತೇನಿ!”

“ನೀನೂ ಸುಮ್ಮನ ಕೂತಿದ್ದೀಯಲ್ಲ, ತಂಗಿ” ಎಂದರು, ಬಹಳ ಸಣ್ಣ ಧ್ವನಿಯಲ್ಲಿ.

“ಹಂಗಾರ ನನಗೇನೂ ಆಗಂಗಿಲ್ಲ ಅಂತ ಹೇಳ್ರಿ. ಖಾತ್ರಿ ಹೇಳ್ರಿ.”

ಬಾಯಿಮಾತಿಗೆ ಹೇಳಿಬಿಟ್ಟಿದ್ದರೂ ನಾನು ನಂಬುತ್ತಿದ್ದೆ. ಆದರೆ ಅವರು ತಲೆ ಅಲ್ಲಾಡಿಸಿದರು. “ಉಂಡಿ ತಿಂದು ಸತ್ತಿತೋ, ಬ್ಯಾನಿಯಿಂದ ಸತ್ತಿತೋ, ನಾ ನೋಡಿಲ್ಲ. ನೋಡಿ ಬರ್ತೀನಿ. ಸಂಜೀತನಕ ತಡಕೋ.”

ಆ ಓಣಿಗೆ ಆಗ ನಾಯಿ ಕೂಡ ಹೋಗುತ್ತಿರಲಿಲ್ಲ. ನಿಜವಾದ ಪ್ಲೇಗೇ ಆಗಿದ್ದರೆ ಅಲ್ಲಿ ಕಾಲಿಟ್ಟವನ ಗತಿ ಏನೆಂದು ಅವರಿಗೆ ಗೊತ್ತಿತ್ತು. ಧೋತರ ಮೇಲೆ ಕಟ್ಟಿಕೊಂಡು, ಕೊಡೆಯನ್ನು ಕೋಲಿನ ಹಾಗೆ ಊರಿಕೊಂಡು ಅವರು ಬಟಾಬಯಲಿನಲ್ಲಿ ಹೋದದ್ದನ್ನು ನಾನು ಗುಡಿಸಲಿನ ಸಂದಿಯಿಂದ ನೋಡಿದೆ. ಗಂಟನ್ನು ಬೆರಳಿನಿಂದ ಒತ್ತುತ್ತ, ದೊಡ್ಡದಾಯಿತೇ ಎಂದು ನೋಡುತ್ತ, ಆ ಹಾದಿಯನ್ನೇ ಕಾದೆ. ಅಷ್ಟು ಉದ್ದದ ಮಧ್ಯಾಹ್ನ ನನ್ನ ಜೀವಮಾನದಲ್ಲಿ ಮತ್ತೆ ಬಂದಿಲ್ಲ.

ಹೊತ್ತು ಮುಳುಗುವ ಮುಂಚೆ ಬಂದರು. ಕೊಡೆ ಬಿಟ್ಟರೆ ಬರಿಗೈ. ದೂರದಿಂದಲೇ ಕೈ ಎತ್ತಿ ಎರಡು ಬೆರಳು ತೋರಿಸಿದರು. ಹತ್ತಿರ ಬಂದು ಅಂದರು: “ಎರಡು ಉಂಡಿ ಇಲ್ಲ. ಇನ್ನೂ ಒಂದು ಇಲಿ ಉಂಡೀ ಮಗ್ಗಲ ಸತ್ತು ಬಿದ್ದದ, ಹಿಟ್ಟು ಬಾಯಾಗ ಹಾಂಗ ಅದ. ವಿಷಾನ ಗಂಗವ್ವಾ. ನಿನಗ ಏನೂ ಆಗಂಗಿಲ್ಲ. ಗಂಟು ಯಾತರದೋ, ಆದ್ರ ಇದರದಲ್ಲ.” ಅವರ ಮುಖದಲ್ಲಿ ನೀರಿಳಿಯುತ್ತಿತ್ತು. ಬೆವರೋ ಏನೋ. ನಾನು ಅಲ್ಲೇ ಮಣ್ಣಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. “ಕಾಯಿ?” ಎಂದು ಕೇಳಿದೆ. “ಹಣ್ಣಾಗ್ಲಿಕತ್ತಾವ” ಎಂದರು. “ಮುಟ್ಟಲಿಲ್ಲ. ಮೊದಲ ಮಂದೀಗೆ ಹೇಳಬೇಕು.”

ಹೇಳಿದರು. ಅವತ್ತೇ, ಎಲ್ಲರೂ ಬೆಂಕಿಯ ಸುತ್ತ ಕುಳಿತಾಗ, ಹೆಂಡತಿಯ ಎದುರಿಗೇ. ಪ್ಲೇಗಲ್ಲ, ನಾ ವಿಷ ಇಟ್ಟಿದ್ದೆ, ನನ್ನಿಂದ ತಪ್ಪಾಯಿತು, ಎಲ್ಲರೂ ಮನೆಗೆ ನಡೆಯಿರಿ ಎಂದು ಕೈ ಮುಗಿದರು. ನನ್ನ ಹೆಸರು ಎತ್ತಲಿಲ್ಲ.

ಕಲ್ಲಪ್ಪ ಬೆಂಕಿಗೆ ಕಟ್ಟಿಗೆ ಸೇರಿಸುತ್ತ ಕೇಳಿದ: “ಇವತ್ತು ಮಧ್ಯಾಹ್ನ ಎಲ್ಲಿಗೆ ಹೋಗಿದ್ರಿ ಮಾಸ್ತರ?”

“ತೋಟಕ್ಕ. ನೋಡಿ ಬರ್ಲಿಕ್ಕೆ.”

“ಕಾಯಿ ಹಣ್ಣಾಗ್ಯಾವೇನು?”

ಮಾಸ್ತರರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಆಗ್ಲಿಕತ್ತಾವ” ಎಂದುಬಿಟ್ಟರು.

ಮಂದಿ ಹೋ ಎಂದು ನಕ್ಕಿತು. “ಹಣ್ಣಾಗೂಮಟಾ ಪ್ಲೇಗು, ಹಣ್ಣಾದ ಮ್ಯಾಲೆ ವಿಷ!” ಎಂದು ಒಬ್ಬ. “ಮಡಿ ಮನ್ಯಾಗ ಇಲಿ ಕೊಲ್ಲೂ ಮಾತು ಯಾರಿಗೆ ಹೇಳ್ತೀರಿ?” ಎಂದು ಇನ್ನೊಬ್ಬ. ಕಲ್ಲಪ್ಪ ನಗಲಿಲ್ಲ. “ನಿಮ್ಮ ಹೂವಿನ ಹುಚ್ಚಿಗೆ ನಮ್ಮ ಮಕ್ಕಳನ್ನ ಬಲಿ ಕೊಡ್ರಿ ಅಂತೀರೇನು? ವಿಷ ಇಟ್ಟದ್ದು ಯಾರರೆ ನೋಡ್ಯಾರೋ? ಈ ಮಾತು ಖರೇ ಅನ್ನವರು ಯಾರರೆ ಅದೀರೋ?”

ಮಾಸ್ತರರ ಕಣ್ಣು ಒಂದು ಸಲ ನನ್ನ ಕಡೆ ಬಂತು. ಕೇಳುವ ಕಣ್ಣಲ್ಲ ಅದು. ಏಳಬೇಡ ಎಂದಂತೆ ಇತ್ತು. ಅಥವಾ ಹಾಗೆಂದು ನಾನು ಅಂದುಕೊಂಡೆನೋ ಏನೋ. ಹೂವಿಗಾಗಿ ಅಲ್ಲ, ನನ್ನ ಸಲುವಾಗಿ ಹೋಗಿ ಬಂದರು ಎಂದು ಎದ್ದು ಹೇಳಬೇಕು. ಹೇಳಿದರೆ ಇಲಿ ಮುಟ್ಟಿದ್ದು ಹೊರಬೀಳುತ್ತದೆ. ನಂಬದ ಜನ ನನ್ನನ್ನು ಹಳ್ಳದಾಚೆ ಹಾಕುತ್ತಾರೆ, ಗಂಟು ನೋಡಿದರಂತೂ ಮುಗಿಯಿತು. ಸೂಲಗಿತ್ತಿ ನನ್ನ ಎದುರಿಗೇ ಕುಳಿತಿದ್ದಳು. ನಾನು ಸೆರಗು ಎಳೆದುಕೊಂಡು ಕಂಕುಳು ಮುಚ್ಚಿಕೊಂಡೆ.

ಮುಂದೆ ಹತ್ತು ದಿನಕ್ಕೆ ಪಕ್ಕದ ಓಣಿಯಲ್ಲಿ ನಿಜವಾಗಿಯೂ ಇಲಿ ಬಿದ್ದವು. ನಾಲ್ಕು ಹೆಣ ಹೋದವು. ನಮ್ಮ ಓಣಿಯವರು ಆಕಾಶಕ್ಕೆ ಕೈ ಮುಗಿದರು: ಆ ಮಾಸ್ತರನ ಮಾತು ಕೇಳಿದ್ದರೆ ನಾವೂ ಹೋಗುತ್ತಿದ್ದೆವು! ಅವರ ಮಾತು ಖರೆಯಾಗಿತ್ತೆಂದು ಇನ್ನು ಹೇಳಿದರೂ ಯಾರು ಕೇಳಬೇಕು?

ಶಿವರಾತ್ರಿಯ ಮರುದಿನ ಮಧ್ಯಾಹ್ನ, ಕಣಕಿಯ ಗುಡಿಸಲಿನಲ್ಲಿ ನನ್ನ ಮಗಳು ಹುಟ್ಟಿದಳು. ಸೂಲಗಿತ್ತಿ ಕಂಕುಳಿನ ಗಂಟು ನೋಡಿ, “ಹಾಲಿನ ಗಂಟು, ಹುಚ್ಚಿ. ಎಷ್ಟೋ ಬಸುರ್ಯಾರಿಗೆ ಬರ್ತೈತಿ” ಎಂದು ಬೆಚ್ಚಗಿನ ಎಣ್ಣೆ ತಿಕ್ಕಿದಳು. ಮೂರು ದಿನಕ್ಕೆ ಕರಗಿತು.

ಯುಗಾದಿಗೆ ಓಣಿಗೆ ಮರಳಿದೆವು. ತೋಟದಲ್ಲಿ ಒಂದೂ ಕಾಯಿ ಇರಲಿಲ್ಲ. ಬಟ್ಟೆಯ ಚೀಲಗಳು ಮಾತ್ರ, ಹಲ್ಲಿನ ಗುರುತಿನೊಂದಿಗೆ, ಗಿಡದಿಂದ ಜೋಲುತ್ತಿದ್ದವು. ಮಾಸ್ತರರು ಒಂದೊಂದನ್ನೇ ಬಿಚ್ಚಿ ಒಗೆಯಲು ಹಾಕಿದರು. “ದಸರಾಕ್ಕ ಮತ್ತ ಗಿಡಕ್ಕ ಕತ್ತರಿ ಹಾಕೋಣಂತ” ಎಂದರು. ನಾನು ಮತ್ತೆ ಅವರ ತೋಟದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದೆ. ಬಹುಮಾನದ ಹೂವು ಅದರಲ್ಲೇ ಹುಟ್ಟಿತು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಓಣಿ ಮಾತ್ರ ಬಿಡಲಿಲ್ಲ. ಯಾರಾದರೂ ಹುಸಿ ಮಾತಾಡಿದರೆ, “ಹೋಗೋ, ಇದು ಮಾಸ್ತರರ ಇಲಿ” ಎನ್ನುವುದು ರೂಢಿಯಾಯಿತು. ಮಕ್ಕಳು ಅಂದರು, ಮುದುಕರು ಅಂದರು. ಕೂಸು ಹುಟ್ಟಿದ ಮೂರನೆಯ ದಿನ, ಅದರ ಮೂಗು ನನ್ನದೇ ಎಂದು ನಾನು ಹಿಗ್ಗಿ ಹೇಳಿದಾಗ, ನನ್ನ ಮಗಳು, ಆ ಗುಡಿಸಲಿನಲ್ಲಿ ಹುಟ್ಟಿದವಳು, “ಎವ್ವಾ, ಮಾಸ್ತರರ ಇಲಿ ಬಿಡಬ್ಯಾಡ” ಎಂದು ನಕ್ಕಳು. ಅವರು ತೀರಿ ಮೂರು ದಿನ ಕೂಡ ಆಗಿರಲಿಲ್ಲ. ಕೂಸನ್ನು ಅವಳ ಮಡಿಲಿಗೆ ಕೊಟ್ಟು ನಾನು ಎದ್ದು ಮಾಸ್ತರರ ಮನೆಗೆ ಹೊರಟೆ.

ತುಂಗಕ್ಕ ಒಳಗಿನ ಕೋಣೆಯ ಮೂಲೆಯಲ್ಲಿ ಕುಳಿತಿದ್ದರು. ನಾನು ಹೊಸ್ತಿಲ ಹೊರಗೆ ಕುಳಿತು ಎಲ್ಲ ಹೇಳಿದೆ. ಮುಷ್ಟಿಯಲ್ಲಿ ಹಿಡಿದದ್ದು, ಬಾವಿ, ಅವರು ನಡೆದು ಹೋದದ್ದು, ನಾನು ಸೆರಗು ಎಳೆದುಕೊಂಡದ್ದು. ಶಾಪ ಹಾಕುತ್ತಾರೆಂದು ತಲೆ ತಗ್ಗಿಸಿದೆ.

ಅವರು ಅಂದರು: “ಅವತ್ತ ನಾ ಅವರಿಗೆ ಕೇಳಿದೆ. ಖರೇನಾ, ಇಲಿ ಕೊಂದ್ರೇನು ನೀವು, ಅಂತ. ‘ಇಲ್ಲ ತುಂಗಾ, ಕಾಯಿ ಸಲುವಾಗಿ ಸುಳ್ಳ ಹೇಳ್ದೆ’ ಅಂದ್ರು. ನಾ ಒಲಿ ಹಚ್ಚಂಗಿಲ್ಲ ಅಂದಿದ್ದೆನಲ್ಲ, ಅದಕ್ಕ ಹಂಗ ಅಂದ್ರು ನೋಡು. ಇಪ್ಪತ್ತು ವರ್ಷ ನಾ ಗಂಡನ್ನ ಸುಳ್ಳುಗಾರ ಅಂತ ತಿಳಕೊಂಡು ಅನ್ನಾ ನೀಡೀನಿ, ಗಂಗವ್ವಾ. ಕೊಲೆಗಾರ ಅಲ್ಲಲ್ಲ, ಅಷ್ಟ ಸಾಕು ಅಂತ.”

ಕಣ್ಣೀರು ಒರೆಸಿಕೊಳ್ಳಲಿಲ್ಲ. ಗೋಡೆ ಹಿಡಿದು ಎದ್ದರು. ಸೂತಕದ ದಿನ ಮುಗಿಯದ ವಿಧವೆ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. “ಎಲ್ಲಿಗ್ರಿ ವೈನಿ?” ಎಂದು ಹೆದರಿ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಓಣಿಗೆ ಇಳಿದರು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ತುಂಗಕ್ಕ ನೆಟ್ಟಗೆ ಕಲ್ಲಪ್ಪನ ಅಂಗಡಿಯ ಮುಂದೆ ಹೋಗಿ ನಿಂತರು. ಅವನು ಈಗ ಹಣ್ಣುಮುದುಕ. ತಕ್ಕಡಿ ಕೆಳಗಿಟ್ಟು ಗಾಬರಿಯಿಂದ ಎದ್ದು ನಿಂತ.

“ಕಲ್ಲಪ್ಪಾ, ಕೇಳಿಲ್ಲೆ” ಎಂದರು ತುಂಗಕ್ಕ, ಇಡೀ ಓಣಿಗೆ ಕೇಳುವ ಹಾಗೆ. “ನಮ್ಮ ಮನಿಯವರು ಇಲಿ ಕೊಂದಿದ್ರು.”